ಚಿಕ್ಕಮ್ಮ ಅಷ್ಟು ಹೇಳಿದಳು, ನಾನು ಇಷ್ಟೇ ಹೇಳಿದೆ

ಕೋರ್ಟಿನಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮ ನನ್ನ ಮೊಣಕೈ ತಟ್ಟಿದಳು. ತನ್ನ ಎದೆ ಮುಟ್ಟಿಕೊಂಡು ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಳು. ನಾನು ಇಷ್ಟು ಹೇಳಿದೆ. ಆಮೇಲೆ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿ ಟೈಪ್ ಮಾಡುವ ಹಾಗೆ ತೋರಿಸಿದಳು. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಸಾಸಿವೆ ಹಿಡಿಸುವಷ್ಟು ಜಾಗ ಬಿಟ್ಟಳು. ಆ ಹುಡುಗಿ ಇಷ್ಟೇ ಒತ್ತಿದಳು. ಕೊನೆಗೆ ನನ್ನ ಕಡೆ ಬೆರಳು ಮಾಡಿ ಗಲ್ಲ ಮೇಲೆತ್ತಿದಳು. ನೀನು ಏನು ಹೇಳಿದೆ?

ನಾನು ಕಿಟಕಿ ಕಡೆ ತಿರುಗಿಕೊಂಡೆ. ಇದಾಗಿ ಒಂದೂವರೆ ವರ್ಷವಾಯಿತು. ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ. ಯಾವ ತಾಲ್ಲೂಕು, ಯಾವ ಕೋರ್ಟು ಅಂತ ಹೇಳುವುದಿಲ್ಲ, ಕೇಸು ಇನ್ನೂ ನಡೆಯುತ್ತಿದೆ.

ಚಿಕ್ಕಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಶಾಲೆಗೆ ಹೋಗಲಿಲ್ಲ, ಮದುವೆಯೂ ಆಗಲಿಲ್ಲ. ಊರಲ್ಲಿ ಎಲ್ಲರೂ ಅವಳನ್ನು ಮೂಗಿ ಅಂತಲೇ ಕರೆಯುತ್ತಾರೆ. ಪಹಣಿಯಲ್ಲಿರುವ ಅವಳ ನಿಜವಾದ ಹೆಸರು ಅರ್ಧ ಊರಿಗೆ ಗೊತ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ಅವಳಷ್ಟು ಮಾತಾಡುವವರು ಯಾರೂ ಇಲ್ಲ. ಮೀಸೆ ತಿರುವಿದರೆ ಅವಳ ಅಣ್ಣ, ಅಂದರೆ ನನ್ನ ಮಾವ. ಮೂಗಿನ ಪಕ್ಕ ಬೆರಳಿಟ್ಟರೆ, ಮೂಗುತಿಯ ನಮ್ಮಮ್ಮ. ಅಂಗೈ ಮೇಲೆ ಮುಷ್ಟಿಯಿಂದ ಗುದ್ದಿದರೆ ಸೀಲು, ಅಂದರೆ ಸರ್ಕಾರ. ಅನ್ನದ ತುತ್ತು ತೋರಿಸಿ ಆಮೇಲೆ ಸೀಲು ಗುದ್ದಿದರೆ ರೇಷನ್ನು. ಕಿವಿಯ ಎರಡೂ ಪಕ್ಕ ಕೈ ಇಳಿಸಿದರೆ ನಾನು, ಎರಡು ಜಡೆ. ನನಗೀಗ ನಲವತ್ತು ದಾಟಿದೆ, ಕೂದಲು ಕತ್ತರಿಸಿ ಎಷ್ಟೋ ವರ್ಷವಾಯಿತು. ಆದರೂ ನಾನು ಎರಡು ಜಡೆಯೇ. ಮನೆಗೆ ಯಾವ ಕಾಗದ ಬಂದರೂ, ಮಾಸಾಶನದ್ದಿರಲಿ ಆಸ್ಪತ್ರೆಯದ್ದಿರಲಿ, ಅವಳು ಹುಡುಕುವುದು ಎರಡು ಜಡೆಯನ್ನೇ. ಓದಿ ತೋರಿಸು ಅಂತ. ಈ ಭಾಷೆ ನನಗೆ ಚೆನ್ನಾಗಿ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಹೌದೋ ಅಲ್ಲವೋ, ಅಷ್ಟೇ

ಕೇಸು ಏನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ತಾತನ ಜಮೀನು. ತಾತ ಹೋದ ಮೇಲೆ ಮಾವ ಚಿಕ್ಕಮ್ಮನ ಕೈಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡಿದ್ದರು. ನಮಗೆ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ, ಪಹಣಿ ತೆಗೆಸಿದಾಗ. ಚಿಕ್ಕಮ್ಮ ದಾವೆ ಹಾಕಿದಳು. ಹಾಕಿದಳು ಅಂತ ಬೇಕೆಂದೇ ಬರೆಯುತ್ತಿದ್ದೇನೆ. ಮೊದಲು ನೋಡಿದ ವಕೀಲರು, "ಆಯಮ್ಮಂಗೆ ಏನು ಗೊತ್ತಾಗುತ್ತೆ, ಅವರ ಪರವಾಗಿ ನೆಕ್ಸ್ಟ್ ಫ್ರೆಂಡ್ ಅಂತ ನೀವೇ ಹಾಕಿ" ಅಂದಿದ್ದರು. ಅದು ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಿಗೆ ಇರುವ ದಾರಿ. ರೇಷ್ಮೆ ಹುಳಕ್ಕೆ ಎಷ್ಟನೇ ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಎಷ್ಟು ಹೊತ್ತಿಗೆ ಸೊಪ್ಪು, ಗೂಡು ಕಟ್ಟಲು ಯಾವತ್ತು ಚಂದ್ರಂಕಿಗೆ ಬಿಡಬೇಕು ಅಂತ ಇಡೀ ಹುಳಮನೆಯ ಲೆಕ್ಕ ತಲೆಯಲ್ಲಿ ಇಟ್ಟುಕೊಂಡಿರುವ ಹೆಂಗಸಿಗೆ ಬುದ್ಧಿ ಇಲ್ಲ ಅಂತ ನಾನು ಹೇಗೆ ಸಹಿ ಹಾಕಲಿ? ಕಿವಿ ಕೇಳಿಸದ್ದಕ್ಕೂ ಬುದ್ಧಿಗೂ ಏನು ಸಂಬಂಧ? ಆ ವಕೀಲರನ್ನು ಬಿಟ್ಟೆವು.

ಕೋರ್ಟಿನಲ್ಲಿ ಹೆಸರು ಕೂಗುತ್ತಾರೆ, ನಿಮಗೆ ಗೊತ್ತು. ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ ಮೇಲೂ ಬರದಿದ್ದರೆ ಗೈರು. ಒಂದು ವಾಯಿದೆಯ ದಿನ ನಾನು ಜೆರಾಕ್ಸ್ ಮಾಡಿಸಲು ಹೊರಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಕೂಗಿ ಮುಗಿದಿತ್ತು. ಚಿಕ್ಕಮ್ಮ ಅದೇ ಬಾಗಿಲಿನ ಪಕ್ಕದ ಬೆಂಚಿನ ಮೇಲೆ, ಕೂಗಿದವರ ಕಾಲ ಬುಡದಲ್ಲೇ ಕೂತಿದ್ದಳು. ಅವತ್ತಿನಿಂದ ನಾನು ಅವಳ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ನೀರು ಕುಡಿಯಲೂ ಹೋಗುತ್ತಿರಲಿಲ್ಲ.

ಪಾಟೀ ಸವಾಲಿನ ದಿನ ಬಂತು. ನ್ಯಾಯಾಧೀಶರು ಒಳ್ಳೆಯವರು. ಚಿಕ್ಕಮ್ಮನಿಗೆ ಕುರ್ಚಿ ಹಾಕಿಸಿದರು. ಇವರ ಸನ್ನೆ ಯಾರಿಗೆ ಗೊತ್ತಾಗುತ್ತದೆ ಅಂತ ಕೇಳಿದರು. ನಾನು ಎದ್ದು ನಿಂತೆ. ಬನ್ನಿ ಅಂದರು, ಹೋದೆ. ನನ್ನ ಕೈಯಲ್ಲಿ ಯಾರೂ ಪ್ರಮಾಣ ಮಾಡಿಸಲಿಲ್ಲ. ನೀವು ಯಾರು, ಈ ಜಮೀನಿನಲ್ಲಿ ನಿಮಗೇನಾದರೂ ಬರುತ್ತದಾ ಅಂತಲೂ ಕೇಳಲಿಲ್ಲ. ನಮ್ಮಮ್ಮನೂ ಅದೇ ದಾವೆಯಲ್ಲಿ ಪಾಲುದಾರಳು. ಅದು ಆವತ್ತು ಯಾರಿಗೂ ದೊಡ್ಡದು ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಮಾವನ ಕಡೆಯ ವಕೀಲರು ಪತ್ರ ತೋರಿಸಿ, "ಈ ಹೆಬ್ಬೆಟ್ಟಿನ ಗುರುತು ಇವರದೇ ತಾನೆ? ಹೌದೋ ಅಲ್ಲವೋ, ಅಷ್ಟೇ ಹೇಳಿಸಮ್ಮ" ಅಂದರು. ನಾನು ಸನ್ನೆ ಮಾಡಿ ಕೇಳಿದೆ. ಚಿಕ್ಕಮ್ಮ ಹೆಬ್ಬೆರಳು ತೋರಿಸಿ ತಲೆ ಆಡಿಸಿದಳು. ನಿಲ್ಲಿಸಲಿಲ್ಲ. ಮೀಸೆ ತಿರುವಿದಳು. ಎಡಗೈಯಿಂದ ತನ್ನ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೆಳಕ್ಕೆ ಒತ್ತಿದಳು. ತುತ್ತು, ಸೀಲು. ನೋಟು ಎಣಿಸುವ ಹಾಗೆ ಮಾಡಿ ಖಾಲಿ ಅಂಗೈ ತೋರಿಸಿದಳು. ಆಮೇಲೆ ಕಿವಿ ಪಕ್ಕ ಎರಡೂ ಕೈ ಇಳಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡಿದಳು. ಒಂದು ನಿಮಿಷವಾದರೂ ಆಗಿರಬೇಕು. ಕೈ ಜೋರಾಗಿ ಆಡುವಾಗ ಅವಳ ಗಂಟಲಿನಿಂದ ಒಂಥರಾ ಸದ್ದು ಬರುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನಗೆ ಮೈಯೆಲ್ಲ ಬೆವರಿತು. ಆ ಎರಡು ಜಡೆ ನೋಡಿ, ಸಾಕು ನನ್ನನ್ನು ಇಳಿಸು ಅಂತ ನನ್ನನ್ನು ಕರೆಯುತ್ತಿದ್ದಾಳೆ ಅಂದುಕೊಂಡೆ. "ಹೌದು ಸ್ವಾಮಿ, ಅವರದೇ" ಅಂದೆ. ಟೈಪ್ ಮಾಡುವ ಹುಡುಗಿ ನಾಲ್ಕು ಸಲ ಕೀಲಿ ಒತ್ತಿದಳು. ಮುಂದಿನ ಪ್ರಶ್ನೆಗೆ ಹೋದರು.

ಸುಳ್ಳು ಹೇಳಲಿಲ್ಲ ಅಲ್ವಾ ಅಂತ ಎಷ್ಟೋ ರಾತ್ರಿ ನನಗೆ ನಾನೇ ಹೇಳಿಕೊಂಡಿದ್ದೇನೆ. ಬೆರಳು ಅವಳದೇ. ಆದರೆ ಆ "ಹೌದು" ಅವಳು ಹೇಳಿದ್ದಲ್ಲ, ನಾನು ಹೇಳಿದ್ದು. ಕಾಗದದಲ್ಲಿ ಮಾತ್ರ ಅವಳ ಹೆಸರಿನ ಕೆಳಗೆ ಕೂತಿದೆ.

ಪಕ್ಕಕ್ಕೆ ನೋಡುತ್ತಿರುವ ಕಣ್ಣು

ಮಾವ ಕೆಟ್ಟವರಲ್ಲ. ಇದನ್ನು ನಾನು ಮನಸ್ಸಾರೆ ಹೇಳುತ್ತೇನೆ. ತಾತ ಹೋದ ಮೇಲೆ ಹತ್ತು ಹನ್ನೆರಡು ವರ್ಷ ಚಿಕ್ಕಮ್ಮನಿಗೆ ಊಟ ಹಾಕಿದ್ದು ಅವರ ಮನೆಯೇ. ನಾನು ನೋಡಿಕೊಂಡೆ, ಹಾಗಾಗಿ ಅವಳ ಪಾಲು ನನಗೆ ಅನ್ನುವುದು ಅವರ ಲೆಕ್ಕ. ಅವಳಿಗೆ ಜಮೀನು ತಗೊಂಡು ಏನಾಗಬೇಕು ಅಂತ ಇವತ್ತಿಗೂ ಕೇಳುತ್ತಾರೆ. ಅವರೊಬ್ಬರ ಮಾತಲ್ಲ ಇದು. ಹಳೆಯ ಹಿಂದೂ ಕಾನೂನು ಹುಟ್ಟು ಕುರುಡರಿಗೆ, ಹುಟ್ಟು ಕಿವುಡರಿಗೆ, ಮಾತು ಬಾರದವರಿಗೆ ಪಾಲಿಲ್ಲ, ಅನ್ನ ಬಟ್ಟೆ ಕೊಟ್ಟರೆ ಸಾಕು ಅಂತಲೇ ಹೇಳುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಪ್ರಕಾರ ಈಗ ಅದು ನಡೆಯುವುದಿಲ್ಲ. ಕಾಯಿಲೆ, ಊನ ಯಾವುದರ ಕಾರಣಕ್ಕೂ ಯಾರ ಪಾಲೂ ತಪ್ಪುವುದಿಲ್ಲ. ಕಾನೂನು ಬದಲಾಗಿ ಇಷ್ಟು ವರ್ಷವಾದರೂ ನಮ್ಮ ಜಗಲಿಗಳ ಮೇಲೆ ಹಳೆಯದೇ ನಡೆಯುತ್ತಿದೆ. ಈಗ ಬೆಂಗಳೂರು ನಮ್ಮ ಕಡೆಗೆ ಬರುತ್ತಾ ಬರುತ್ತಾ ಗುಂಟೆಗೆ ಬೆಲೆ ಏರಿದೆ. ಹಳೆಯ ಲೆಕ್ಕಕ್ಕೆ ಇನ್ನೂ ಜೋರು ಬಂದಿದೆ.

ಆ ಬಿಡುಗಡೆ ಪತ್ರದ ಪ್ರತಿ ನನ್ನ ಹತ್ತಿರ ಇದೆ. ನೋಂದಣಿ ಮಾಡುವಾಗ ಫೋಟೋ ತೆಗೆದು, ಹೆಬ್ಬೆಟ್ಟು ತೆಗೆದುಕೊಂಡು ಪತ್ರದಲ್ಲೇ ಅಚ್ಚು ಹಾಕುತ್ತಾರಲ್ಲ, ಅದರಲ್ಲಿ ಮಾವ ನೇರವಾಗಿ ಕ್ಯಾಮೆರಾ ನೋಡಿದ್ದಾರೆ. ಚಿಕ್ಕಮ್ಮನ ಕಣ್ಣು ಪಕ್ಕಕ್ಕಿದೆ. ಯಾವಾಗ ಎಲ್ಲಿ ನೋಡಬೇಕು ಅಂತ ಅಣ್ಣನನ್ನೇ ನೋಡುತ್ತಿದ್ದಾಳೆ. ಅವಳು ಜೀವಮಾನದಲ್ಲಿ ಎಷ್ಟು ಕಡೆ ಹೆಬ್ಬೆಟ್ಟು ಒತ್ತಿದ್ದಾಳೋ. ರೇಷನ್ ಕಾರ್ಡಿಗೆ, ಮಾಸಾಶನಕ್ಕೆ, ಆಧಾರಿಗೆ, ಅಂಗವಿಕಲರ ಯುಡಿಐಡಿ ಕಾರ್ಡಿಗೆ. ಒತ್ತಿದರೆ ಏನೋ ಸಿಗುತ್ತದೆ ಅಂತಲೇ ಅವಳಿಗೆ ಗೊತ್ತಿದ್ದದ್ದು. ಒತ್ತಿದರೆ ಹೋಗುತ್ತದೆ ಅಂತ ಹೇಳಬೇಕಾದವರು ಯಾರು? ಅಧಿಕಾರಿ ಕೇಳಿದ್ದನ್ನು ಅವಳಿಗೆ ಸನ್ನೆ ಮಾಡಿ ತೋರಿಸಿದ್ದು ಮಾವ. ಅವಳು ಹೇಳಿದ್ದನ್ನು ಅಧಿಕಾರಿಗೆ ಹೇಳಿದ್ದೂ ಮಾವ. ಪತ್ರದಿಂದ ಜಮೀನು ಬರುವುದೂ ಮಾವನಿಗೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 13ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆಸ್ತಿ ಹೊಂದಲು, ಪಿತ್ರಾರ್ಜಿತ ಪಡೆಯಲು ಎಲ್ಲರಿಗೂ ಇರುವ ಹಕ್ಕೇ ಅಂಗವಿಕಲರಿಗೂ ಇದೆ. ನೆರವಿಗೆ ನಿಂತವರಿಗೆ ಆ ವ್ಯವಹಾರದಲ್ಲಿ ಸ್ವಂತ ಲಾಭ ಇದ್ದರೆ ಅವರು ಆ ವ್ಯವಹಾರದ ಮಟ್ಟಿಗೆ ಪಕ್ಕಕ್ಕೆ ಸರಿಯಬೇಕು. ಇದನ್ನು ಮೊದಲು ಓದಿದಾಗ ಮಾವನ ಮುಖ ನೆನಪಾಯಿತು. ಎರಡನೇ ಸಲ ಓದಿದಾಗ ನನ್ನದೇ.

ಅಲೀಪುರಕ್ಕೆ ಹೋಗಿದ್ದು

ಸನ್ನೆಯಲ್ಲಿ ಸಾಕ್ಷಿ ಹೇಳಬಹುದು ಅನ್ನುವುದು ಹೊಸದೇನಲ್ಲ. 1872ರ ಸಾಕ್ಷ್ಯ ಕಾಯ್ದೆಯ 119ನೇ ಕಲಂನಲ್ಲೇ ಇತ್ತು. ಮಾತಾಡಲು ಆಗದವರು ತೆರೆದ ನ್ಯಾಯಾಲಯದಲ್ಲಿ ಸನ್ನೆ ಮಾಡಿದರೆ ಅದೂ ಬಾಯಿ ಸಾಕ್ಷಿಯೇ. 2013ರಲ್ಲಿ ಅದಕ್ಕೆ ಇನ್ನೊಂದು ಸೇರಿತು. ಕೋರ್ಟು ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಹೇಳಿಕೆಯನ್ನು ವಿಡಿಯೋ ಮಾಡಬೇಕು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 125ನೇ ಕಲಂ. ಅಂಗವಿಕಲರ ಕಾಯ್ದೆಯ 12ನೇ ಕಲಂ ಇನ್ನೂ ಮುಂದೆ ಹೋಗಿ, ಅವರು ಇಷ್ಟಪಡುವ ಭಾಷೆಯಲ್ಲಿ, ಅವರು ಇಷ್ಟಪಡುವ ರೀತಿಯಲ್ಲಿ ಸಾಕ್ಷಿ ದಾಖಲಾಗಬೇಕು, ಅದಕ್ಕೆ ಬೇಕಾದ ಸಲಕರಣೆ ಸರ್ಕಾರ ಒದಗಿಸಬೇಕು ಅನ್ನುತ್ತದೆ. ಇಷ್ಟಪಡುವ ಭಾಷೆ. ಚಿಕ್ಕಮ್ಮನ ಭಾಷೆ ಯಾವುದು?

2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಕೀಲೆ ಸಾರಾ ಸನ್ನಿ ಸನ್ನೆ ಭಾಷೆಯ ದುಭಾಷಿಯ ಜೊತೆ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಹಾಜರಾದರು. 2024ರ ಏಪ್ರಿಲಿನಲ್ಲಿ ನಮ್ಮ ಹೈಕೋರ್ಟು ಅವರ ವಾದವನ್ನು ದುಭಾಷಿಯ ಮೂಲಕ ಕೇಳಿತು. ಆ ಸುದ್ದಿಯನ್ನು ಮೊಬೈಲಿನಲ್ಲಿ ಚಿಕ್ಕಮ್ಮನಿಗೆ ತೋರಿಸಿದೆ. ಕರಿ ಕೋಟು ನೋಡಿದಳು. ಇವರಿಗೂ ಕೇಳಿಸುವುದಿಲ್ಲವಾ ಅಂತ ಕಿವಿ ಮುಟ್ಟಿ ಕೇಳಿದಳು. ಇಲ್ಲ ಅಂದೆ. ಮೊಬೈಲನ್ನು ನನ್ನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು. ಆದರೆ ಸಾರಾ ಅವರು ಬಳಸುವ ಭಾರತೀಯ ಸನ್ನೆ ಭಾಷೆ ಚಿಕ್ಕಮ್ಮನಿಗೆ ಬರುವುದಿಲ್ಲ. ಅದನ್ನು ಶಾಲೆಯಲ್ಲಿ, ಸಂಘಗಳಲ್ಲಿ, ಇತರ ಕಿವುಡರ ಜೊತೆ ಬೆರೆತು ಕಲಿಯಬೇಕು. ಹಳ್ಳಿಯಲ್ಲಿ ಒಬ್ಬಳೇ ಕಿವುಡಿಯಾಗಿ ಬೆಳೆದವಳಿಗೆ ಅದು ಎಲ್ಲಿ ಸಿಗಬೇಕು? ಬೆಂಗಳೂರಿನಿಂದ ಸರ್ಟಿಫಿಕೇಟು ಇರುವ ದುಭಾಷಿ ಬಂದರೂ ಮೀಸೆ ಅಂದರೆ ಯಾರು ಅಂತ ಅವರಿಗೆ ತಿಳಿಯುವುದಿಲ್ಲ.

ಯಾರೋ ಅಲೀಪುರಕ್ಕೆ ಹೋಗಿ ನೋಡಿ ಅಂದರು. ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿ ತಲೆಮಾರುಗಳಿಂದ ಕಿವಿ ಕೇಳಿಸದವರು ಜಾಸ್ತಿ. ಹಾಗಾಗಿ ಊರಿಗೇ ಸ್ವಂತ ಸನ್ನೆ ಭಾಷೆಯೊಂದು ಬೆಳೆದಿದೆ. ಭಾಷಾ ವಿದ್ವಾಂಸರು ಬಂದು ಅದನ್ನು ದಾಖಲು ಮಾಡಿದ್ದಾರೆ. ಬೇಸಿಗೆಯಲ್ಲಿ ಒಂದು ದಿನ ಇಬ್ಬರೂ ಹೋದೆವು. ಟೀ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಹಿರಿಯರು ಬಂದು ಕೈಯಲ್ಲೇ ಏನೋ ಕೇಳಿದರು. ಅಂಗಡಿಯವರು ಬಾಣಲೆಯಿಂದ ತಲೆ ಎತ್ತದೆ ಒಂದು ಕೈಯಲ್ಲಿ ಉತ್ತರ ಕೊಟ್ಟರು. ಅಷ್ಟೇ. ಯಾರೂ ತಿರುಗಿ ನೋಡಲಿಲ್ಲ. ಚಿಕ್ಕಮ್ಮ ನನ್ನ ತೊಡೆ ಹಿಂಡಿದಳು. ಆ ಟೀ ಅಂಗಡಿಯವರಿಗೆ ಕೇಳಿಸುತ್ತದಾ ಅಂತ ಕೇಳಿದಳು. ಕೇಳಿಸುತ್ತದೆ ಅಂದೆ. ನಂಬಲಿಲ್ಲ. ಎದ್ದು ಹೋಗಿ ಅವರ ಎದುರು ನಿಂತು ತಾನೇ ಸಕ್ಕರೆ ಕಮ್ಮಿ ಅಂತ ಸನ್ನೆ ಮಾಡಿದಳು. ಅವರು ಸರಿ ಅಂತ ಇನ್ನೊಂದು ಟೀ ಕೊಟ್ಟರು. ಅಪರಿಚಿತರೊಬ್ಬರ ಹತ್ತಿರ ನನ್ನನ್ನಾಗಲಿ ಅಮ್ಮನನ್ನಾಗಲಿ ಕರೆಯದೆ ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿ ನಮಗೆ ದುಭಾಷಿ ಸಿಗಲಿಲ್ಲ. ಅವರ ಸನ್ನೆ ಬೇರೆ, ನಮ್ಮ ಮನೆಯದು ಬೇರೆ. ಆದರೆ ವಾಪಸ್ ಬರುವಾಗ ನನಗೆ ಕೋರ್ಟಿನ ವರಾಂಡ ನೆನಪಾಗುತ್ತಲೇ ಇತ್ತು. ಹೆಸರು ಕೂಗುವವರಿಗೆ, ಬೆಂಚ್ ಕ್ಲರ್ಕಿಗೆ, ಠಾಣೆಯ ಬಾಗಿಲಲ್ಲಿ ಕೂರುವ ಪೇದೆಗೆ ಒಂದು ಇಪ್ಪತ್ತು ಸನ್ನೆ ಬಂದರೆ ಎಷ್ಟಾಗುತ್ತಿತ್ತು. ಬನ್ನಿ, ಕೂತುಕೊಳ್ಳಿ, ನಿಮ್ಮದು ಈಗಲ್ಲ, ಊಟ ಆದ ಮೇಲೆ. ಇಷ್ಟು ಹೇಳಲು ದುಭಾಷಿ ಬೇಕಿಲ್ಲ.

ಮೆಟ್ಟಿಲು ಹತ್ತಿಸಿದವರು

ಆಮೇಲೆ ನಾವು ಹೋಗಿದ್ದು ಕಾನೂನು ಸೇವಾ ಪ್ರಾಧಿಕಾರಕ್ಕೆ. ಅಂಗವಿಕಲರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಆದಾಯದ ಮಿತಿ ಇಲ್ಲ. 1987ರ ಕಾಯ್ದೆಯಲ್ಲೇ ಇದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ನನಗೆ ಇದು ಗೊತ್ತಾಗಿದ್ದು ಇಷ್ಟೆಲ್ಲ ಅಲೆದ ಮೇಲೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕಿಂತ ಜಾಸ್ತಿ ಅಂಗವಿಕಲರಿದ್ದಾರೆ. ಅವರಲ್ಲಿ ಎಷ್ಟು ಜನಕ್ಕೆ ಈ ನಂಬರ್ ತಲುಪಿದೆಯೋ. ಪಂಚಾಯಿತಿಗೆ ಒಬ್ಬರಂತೆ ವಿ.ಆರ್.ಡಬ್ಲ್ಯೂ, ಅಂದರೆ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇದ್ದಾರಲ್ಲ, ಮಾಸಾಶನದ ಅರ್ಜಿಯ ಜೊತೆ ಅವರು ಇದನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಸಾಕು.

ಅಲ್ಲಿ ಕಾಯುತ್ತಿದ್ದಾಗ ಒಬ್ಬರು ಸಿಕ್ಕಿದರು. ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಪರಿಹಾರದ ಕೇಸು ಮಹಡಿಯ ಮೇಲಿನ ಕೋರ್ಟಿನಲ್ಲಿ. ಪ್ರತಿ ವಾಯಿದೆಗೂ ಇಬ್ಬರು ಮಕ್ಕಳು ಕೂಲಿ ಬಿಟ್ಟು ಬಂದು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಾರೆ. "ಎಲ್ಲರೂ ನೋಡ್ತಾರಮ್ಮ, ಹೆಣ ಹೊತ್ತ ಹಾಗೆ" ಅಂದರು. ಅಂಗವಿಕಲರ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳ ನಂತರ 5 ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೂ ಅಂಗವಿಕಲರು ಓಡಾಡುವ ಹಾಗೆ ಆಗಬೇಕಿತ್ತು. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರೀ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಇಳಿಜಾರು ದಾರಿ ಕಟ್ಟುವವರೆಗೂ ಆ ದಿನದ ಮಟ್ಟಿಗೆ ಅವರ ಕೇಸನ್ನು ಕೆಳಗಿನ ಕೋಣೆಯಲ್ಲಿ ಕರೆಯಲು ಏನು ಕಷ್ಟ ಅಂತ ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ತೀರ್ಪು ನನ್ನ ಮನಸ್ಸಿನಲ್ಲಿ ಉಳಿದಿದೆ. 2021ರ ಪಟಾನ್ ಜಮಾಲ್ ವಲಿ ಪ್ರಕರಣ, ಪಕ್ಕದ ಆಂಧ್ರದ್ದು. ಕಣ್ಣು ಕಾಣದ ಹೆಣ್ಣುಮಗಳೊಬ್ಬಳು ತನ್ನ ಮೇಲೆ ಅತ್ಯಾಚಾರ ಮಾಡಿದವನನ್ನು ದನಿಯಿಂದ ಗುರುತಿಸಿದ್ದಳು. ಕಣ್ಣಿದ್ದವರು ಮುಖ ನೋಡಿ ಹೇಳಿದ ಸಾಕ್ಷಿಗೆ ಎಷ್ಟು ತೂಕವೋ ಇದಕ್ಕೂ ಅಷ್ಟೇ ಅಂತ ಸುಪ್ರೀಂ ಕೋರ್ಟು ಹೇಳಿತು. ಅವಳಿಗೆ ಗೊತ್ತಿದ್ದದ್ದನ್ನು ಅವಳಿಗೆ ಗೊತ್ತಾದ ರೀತಿಯಲ್ಲೇ ಕೇಳಿಸಿಕೊಂಡರು.

ಮತ್ತೆ ಅದೇ ಪ್ರಶ್ನೆ

ಪ್ರಾಧಿಕಾರದಿಂದ ಸಿಕ್ಕ ವಕೀಲೆ ಮೇಡಂ ಚಿಕ್ಕವರು. ಹಳೆಯ ಕಾಗದವನ್ನೆಲ್ಲ ಓದಿ ನನ್ನನ್ನು ಕೂರಿಸಿಕೊಂಡು, "ಅಕ್ಕ, ಅವತ್ತು ಅವರು ನಿಜವಾಗಿ ಏನು ಹೇಳಿದರು?" ಅಂದರು. ನಾನು ಎಲ್ಲ ಹೇಳಿದೆ. ಅದನ್ನೇ ಪ್ರಮಾಣಪತ್ರ ಮಾಡಿದರು. ನಾನು ಪೂರ್ತಿ ಹೇಳಲಿಲ್ಲ ಅಂತ ನನ್ನದೇ ಸಹಿ. ಸಾಕ್ಷಿಯನ್ನು ಮತ್ತೆ ಕರೆಸಬೇಕು ಅಂತ ಅರ್ಜಿ ಹಾಕಿದರು. ಆ ಕಡೆಯವರು ಜೋರಾಗಿ ತಕರಾರು ಮಾಡಿದರು. 500 ರೂಪಾಯಿ ಖರ್ಚು ಕಟ್ಟಿಸಿ ಕೋರ್ಟು ಒಪ್ಪಿತು.

ದುಭಾಷಿ ಯಾರು? ಮೇಡಂ 2012ರ ಒಂದು ತೀರ್ಪು ತೆಗೆದರು, ದರ್ಶನ್ ಸಿಂಗ್ ಪ್ರಕರಣ, ರಾಜಸ್ಥಾನದ್ದು. ಅಲ್ಲಿಯೂ ಕಿವಿ ಕೇಳಿಸದ, ಮಾತು ಬಾರದ ಹೆಣ್ಣುಮಗಳು ಸಾಕ್ಷಿ. ಅವಳ ಸನ್ನೆಯನ್ನು ವಿವರಿಸಿದ್ದು ಅವಳ ತಂದೆ. ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ದುಭಾಷಿ ಅದೇ ಪರಿಸರದವರಾಗಿರಬೇಕು, ಆದರೆ ಕೇಸಿನಲ್ಲಿ ಅವರಿಗೆ ಹಿತಾಸಕ್ತಿ ಇರಬಾರದು, ಅವರಿಗೂ ಪ್ರಮಾಣ ಮಾಡಿಸಬೇಕು. ಓದುವಾಗ ಸುಲಭ. ಹಳ್ಳಿಯಲ್ಲಿ ಒಬ್ಬಳ ಕೈ ಭಾಷೆ ಬಲ್ಲವರೆಲ್ಲ ನೆಂಟರೇ ಆಗಿರುತ್ತಾರೆ. ನಾನು, ಅಮ್ಮ, ಮಾವ, ಅತ್ತೆ ಎಲ್ಲರೂ ಜಮೀನಿಗೆ ಸಂಬಂಧಪಟ್ಟವರೇ. ಎರಡು ದಿನ ಯೋಚನೆ ಮಾಡಿದೆವು. ಚಿಕ್ಕಮ್ಮನನ್ನೇ ಕೇಳಿದೆವು. ಅವಳು ತಡ ಮಾಡಲಿಲ್ಲ. ಬುಟ್ಟಿ ತಲೆಯ ಮೇಲಿಡುವ ಸನ್ನೆ ಮಾಡಿದಳು. ಹುಳಮನೆಯಲ್ಲಿ ಹದಿನೆಂಟು ವರ್ಷ ಅವಳ ಜೊತೆ ಸೊಪ್ಪು ಹೊತ್ತ ಅಕ್ಕ. ಬೇರೆ ಕೇರಿಯವರು, ನೆಂಟಸ್ತಿಕೆ ಇಲ್ಲ, ಜಮೀನಿಲ್ಲ. ನಮಗೆ ಅವರ ಹೆಸರು ಹೊಳೆದೇ ಇರಲಿಲ್ಲ.

ಓದು ಬರಹ ಇಲ್ಲ, ಸರ್ಟಿಫಿಕೇಟು ಇಲ್ಲ ಅಂತ ಆ ಕಡೆಯ ವಕೀಲರು ಎದ್ದು ನಿಂತರು. ನ್ಯಾಯಾಧೀಶರು ಮೊದಲು ಅಕ್ಕನನ್ನು ಪರೀಕ್ಷೆ ಮಾಡಿದರು. ಮನೆಯಲ್ಲಿ ಈಗ ಹುಳ ಯಾವ ಹಂತದಲ್ಲಿದೆ ಅಂತ ಕೇಳಿಸಿ ಅಂದರು. ಚಿಕ್ಕಮ್ಮ ಬೆರಳು ತೋರಿಸಿದಳು. "ಮೂರನೇ ಜ್ವರ ಎದ್ದು ಎರಡು ದಿನ ಆಯ್ತಂತೆ ಸ್ವಾಮಿ" ಅಂದರು ಅಕ್ಕ. ಸರಿ, ಪ್ರಮಾಣ ಮಾಡಿಸಿ ಅಂದರು. ವಿಡಿಯೋ ವ್ಯವಸ್ಥೆ ಆಗುವುದಕ್ಕೆ ಎರಡು ವಾಯಿದೆ ಹೋಯಿತು. ಮೂರನೆಯದರಲ್ಲಿ ಮತ್ತೆ ಅದೇ ಪತ್ರ, ಅದೇ ಪ್ರಶ್ನೆ.

ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಚಿಕ್ಕಮ್ಮನ ಕೈ ಆಡಿದ ಹಾಗೆ ಅಕ್ಕ ನಿಧಾನವಾಗಿ ಹೇಳುತ್ತಾ ಹೋದರು. "ಬೆರಳು ನಂದೇ. ಅಣ್ಣ ಕೈ ಹಿಡಿದು ಒತ್ತಿಸಿದ. ರೇಷನ್ನಿಗೆ ಅಂದ. ದುಡ್ಡು ಕೊಡಲಿಲ್ಲ." ಚಿಕ್ಕಮ್ಮ ಕಿವಿ ಪಕ್ಕ ಎರಡೂ ಕೈ ಇಳಿಸಿದಳು, ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡಿದಳು. "ಅಕ್ಕನ ಮಗಳಿಗೆ ಓದಕ್ಕೆ ಬರುತ್ತೆ, ಅವಳನ್ನ ಕರೆಸಿ ಅಂತ ಕೇಳಿದೆ. ಕರೆಸಲಿಲ್ಲ."

ಆ ಪತ್ರ ಆದಾಗ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ.

ಟೈಪ್ ಮಾಡುವ ಹುಡುಗಿ ಅದೇ ಹುಡುಗಿ. ಚಿಕ್ಕಮ್ಮ ತನ್ನ ಮಾತು ಮುಗಿದ ಮೇಲೂ ಕುರ್ಚಿಯಿಂದ ಮುಂದಕ್ಕೆ ಬಾಗಿ ಅವಳ ಬೆರಳುಗಳನ್ನೇ ನೋಡುತ್ತಿದ್ದಳು, ಅವು ನಿಲ್ಲುವವರೆಗೂ. ಆಮೇಲೆ ಎದ್ದಳು. ಬಸ್ಸಿನಲ್ಲಿ ಅಕ್ಕನ ಹೆಗಲಿಗೆ ಒರಗಿ ನಿದ್ದೆ ಹೋದಳು, ನನ್ನನ್ನು ಏನೂ ಕೇಳಲಿಲ್ಲ. ತೀರ್ಪು ಇನ್ನೂ ಬಂದಿಲ್ಲ. ವಾದ ಕೇಳಲು ಮುಂದಿನ ತಿಂಗಳು 12ಕ್ಕೆ ವಾಯಿದೆ ಹಾಕಿದ್ದಾರೆ.